ಹನ್ನೊಂದನೇ ಚೌಕ

ಪರದೆಯ ಮೇಲೆ ಒಂದೇ ಸಾಲು. ಚೌಕ ಹನ್ನೊಂದು, ತೆರವು, ಫಖ್ರುನ್ನೀಸಾ, ಮಧ್ಯಾಹ್ನ ಎರಡು ಐವತ್ತೆರಡು. ಅದರಲ್ಲಿ ಸುಳ್ಳೇನೂ ಇರಲಿಲ್ಲ. ಆದರೂ ಮುಬಶ್ಶಿರ್ ಬೆಳಿಗ್ಗೆ ಅಂಗಡಿಯ ಶಟರ್ ಎತ್ತಿದಾಗಿನಿಂದ ಆ ಸಾಲನ್ನು ನಾಲ್ಕು ಸಲ ತೆರೆದು ನೋಡಿದ್ದ. ನಾಲ್ಕು ಸಲವೂ, ಯಾರೋ ಎದುರಿಗೆ ನಿಂತು ಪ್ರಶ್ನೆ ಹಾಕಿದ ಹಾಗೆ, ನಾನು ಇದ್ದದ್ದನ್ನು ಇದ್ದ ಹಾಗೆ ಹೇಳಿದೆ, ಅಷ್ಟೇ ತಾನೆ ಎಂದು ಮನಸ್ಸಿನಲ್ಲೇ ಉತ್ತರ ಕೊಟ್ಟಿದ್ದ. ಎದುರಿಗೆ ಯಾರೂ ಇರಲಿಲ್ಲ. ಪಕ್ಕದ ಕಂಪ್ಯೂಟರಿನಲ್ಲಿ ಯಶೋಧಾ ಯಾರದೋ ಗೃಹಪ್ರವೇಶದ ಕಾರ್ಡಿಗೆ ಕನ್ನಡ ಟೈಪು ಮಾಡುತ್ತಿದ್ದಳು, ಅವಳಿಗೆ ಇವನ ಕಡೆ ನೋಡಲೂ ಪುರಸೊತ್ತಿರಲಿಲ್ಲ. ಆರ್.ಟಿ. ನಗರದ ಆ ಅಂಗಡಿಯಲ್ಲಿ ಅವನು ಹದಿನೆಂಟು ವರ್ಷದಿಂದ ಉರ್ದು, ಕನ್ನಡ, ಇಂಗ್ಲಿಷ್ ಮೂರರಲ್ಲೂ ಮದುವೆ ಕಾರ್ಡು ಮಾಡಿಕೊಂಡು ಬಂದಿದ್ದ. ಜನ ಕಾರ್ಡು ಬಿಟ್ಟು ಫೋನಿಗೆ ಚಿತ್ರ ಕಳಿಸುವುದಕ್ಕೆ ಶುರುಮಾಡಿದ ಮೇಲೆ, ನಲವತ್ತರ ಹೊಸ್ತಿಲಲ್ಲಿ ನಿಂತು, ವೀಡಿಯೊ ನೋಡಿ ನೋಡಿ ವೆಬ್ ಪೇಜು ಮಾಡುವುದನ್ನು ಕಲಿತಿದ್ದ. ಯಾರೂ ಕಲಿಸದೆ ತಾನೇ ಕಲಿತ ವಿದ್ಯೆಯ ಮೇಲೆ ಮನುಷ್ಯನಿಗೆ ಅಭಿಮಾನ ಸ್ವಲ್ಪ ಜಾಸ್ತಿ. ಇವನಿಗೆ ಸ್ವಲ್ಪವಲ್ಲ, ಸಾಕಷ್ಟೇ ಜಾಸ್ತಿ ಇತ್ತು.

ಕೊಡಿಗೇಹಳ್ಳಿಯ ಮಸೀದಿಗೆ ಮಾಡಿಕೊಟ್ಟದ್ದು ಅಂಥ ಅಭಿಮಾನದ ಪುಟ. ರಂಜಾನಿನ ಮೂವತ್ತು ದಿನವೂ ಸಂಜೆ ರೋಜಾದ ಉಪವಾಸ ಬಿಡುವವರಿಗೆ ಮಸೀದಿಯಲ್ಲಿ ಗಂಜಿ ಹಂಚುತ್ತಾರೆ, ದಿನಕ್ಕೊಂದು ಮನೆಯವರ ಗಂಜಿ. ಎಷ್ಟನೇ ರೋಜಾ ಯಾರ ಮನೆಯದು ಎಂಬುದನ್ನು ಮೊದಲೆಲ್ಲ, ಕೈಕಾಲು ತೊಳೆಯುವ ತೊಟ್ಟಿಯ ಪಕ್ಕದ ಕಪ್ಪು ಹಲಗೆಯ ಮೇಲೆ ಸೀಮೆಸುಣ್ಣದಲ್ಲಿ ಬರೆಯುತ್ತಿದ್ದರು. ಈ ವರ್ಷ ಕಮಿಟಿಯವರಿಗೆ ಅದು ಫೋನಿನಲ್ಲಿ ಬೇಕೆನಿಸಿತು. ಮುಬಶ್ಶಿರ್ ಸಾಲಿಗೆ ಆರರಂತೆ ಐದು ಸಾಲು, ಮೂವತ್ತು ಚೌಕಗಳ ಟೇಬಲ್ ಮಾಡಿದ. ಖಾಲಿ ಚೌಕ ಬಿಳಿ. ಬೆರಳಿಟ್ಟರೆ ಬೆರಳಿಟ್ಟವರ ಮನೆಯ ಹೆಸರು ಉರ್ದುವಿನಲ್ಲೂ ಕನ್ನಡದಲ್ಲೂ ಕೂತು ಚೌಕ ಹಸಿರಾಗುತ್ತದೆ. ಮೂವತ್ತು ಚೌಕಕ್ಕೂ ಬೇರೆ ಬೇರೆ ಕಾವಲು ಇಡದೆ ಇಡೀ ಟೇಬಲ್ಲಿಗೆ ಒಂದೇ ಕ್ಲಿಕ್ ಲಿಸನರ್ ಕಟ್ಟಿದ್ದ. ವಠಾರದ ಗೇಟಿಗೆ ಒಂದೇ ಕರೆಗಂಟೆ ಇದ್ದ ಹಾಗೆ, ಯಾರು ಎಲ್ಲಿ ಒತ್ತಿದರೂ ಸದ್ದು ಅಲ್ಲಿಗೇ ಬರುತ್ತದೆ, ಯಾವ ಚೌಕದಿಂದ ಬಂತು ಎಂದು ಅಲ್ಲೇ ವಿಚಾರಿಸಿಕೊಂಡರಾಯಿತು. ಹೆಸರಿರುವ ಚೌಕವನ್ನು ಅದೇ ಮನೆಯ ಫೋನಿನಿಂದ ಇನ್ನೊಂದು ಸಲ ಮುಟ್ಟಿದರೆ ಹೆಸರು ಅಳಿಸಿ ಚೌಕ ಮತ್ತೆ ಬಿಳಿಯಾಗುತ್ತದೆ. ಇದನ್ನು ಅವನು ತನ್ನ ಪರೀಕ್ಷೆಯ ಅನುಕೂಲಕ್ಕೆಂದು ಬರೆದುಕೊಂಡಿದ್ದ. ಆಗ ಯಶೋಧಾ ಹಿಂದಿನಿಂದ ಬಗ್ಗಿ ನೋಡಿ, "ಮುಟ್ಟಿದ್ರೆ ಹೋಗ್ಬಿಡತ್ತಾ ಸಾರ್? ಒಂದ್ ಮಾತು ಕೇಳಲ್ವಾ?" ಎಂದಿದ್ದಳು. ಆಮೇಲೆ ತೆಗೀತೀನಿ ಎಂದಿದ್ದ. ತೆಗೆಯಲಿಲ್ಲ. ಕಮಿಟಿಯ ಎದುರಿಗೆ ಪುಟ ತೋರಿಸುವಾಗ ಅದೂ ಒಂದು ಸೌಕರ್ಯ ಎಂಬಂತೆ, ತಪ್ಪಾಗಿ ಹಾಕಿದವರು ಇನ್ನೊಮ್ಮೆ ಒತ್ತಿದರೆ ಸಾಕು ಎಂದು ವಿವರಿಸಿ ಶಭಾಷ್ ಅನ್ನಿಸಿಕೊಂಡ. ಕಾರ್ಯದರ್ಶಿ ಜೀಷಾನ್ ಅಂತೂ ಬೆನ್ನು ತಟ್ಟಿ, ಯಲಹಂಕದಿಂದ ಹೆಬ್ಬಾಳದ ತನಕ ಇರುವ ಎಲ್ಲ ಮಸೀದಿಯವರಿಗೂ ಇದನ್ನೇ ತೋರಿಸುತ್ತೇನೆ, ಬರುವ ವರ್ಷ ನಿನಗೆ ಉಸಿರಾಡಲು ಬಿಡುವಿರುವುದಿಲ್ಲ ಎಂದಿದ್ದರು.

ಹನ್ನೊಂದನೇ ರೋಜಾ ಮೆಹಬೂಬ್ ಪಾಷಾ ಚಾಚಾ ಅವರ ಮನೆಯದು, ನಲವತ್ತು ವರ್ಷದಿಂದ. ಮೊದಲ ವರ್ಷ ದೊಡ್ಡ ಮನೆಯವರೆಲ್ಲ ಮೊದಲ ಹತ್ತನ್ನು ಹಂಚಿಕೊಂಡು ಮುಗಿಸಿದ್ದರಂತೆ, ಉಳಿದದ್ದರಲ್ಲಿ ಮುಂದಿನದು ನನ್ನದು ಎಂದು ಚಾಚಾ ಹನ್ನೊಂದನ್ನು ಹಿಡಿದರಂತೆ. ಅದಕ್ಕೆ ಅದಕ್ಕಿಂತ ದೊಡ್ಡ ಕಾರಣವೇನೂ ಇರಲಿಲ್ಲ. ಅವರು ಹೋಗಿ ಮೂರು ವರ್ಷವಾದರೂ ಅವರ ಹೆಂಡತಿ ಫಖ್ರುನ್ನೀಸಾ ಗಂಜಿ ನಿಲ್ಲಿಸಿರಲಿಲ್ಲ. ಈ ಸಲವೂ ಪುಟ ತೆರೆದ ಮೊದಲ ದಿನವೇ, ಮಗಳು ಅವರ ಫೋನಿನಿಂದ ಒತ್ತಿದ ಮೆಹಬೂಬ್ ಪಾಷಾ ಹೆಸರು ಹನ್ನೊಂದರಲ್ಲಿ ಹಸಿರಾಗಿ ಕೂತಿತ್ತು. ಏಳನೇ ರೋಜಾದ ಬೆಳಿಗ್ಗೆ ನೋಡಿದರೆ ಅಲ್ಲಿ ಹಮ್ಜಾ ಎಂದಿದೆ. ಹಮ್ಜಾ ಎಂದರೆ ಸಹಕಾರನಗರದ ಕಡೆ ಟೈಲ್ಸ್ ಅಂಗಡಿ ಇಟ್ಟಿರುವವನು, ಮೂರು ವರ್ಷದ ಕೆಳಗೆ ಈ ಕಡೆ ಬಂದವನು. ಮಸೀದಿಯ ವಾಟ್ಸಾಪ್ ಗುಂಪಿನಲ್ಲಿ ಯಾರೋ ಇದೇನು ಹೀಗೆ, ಪುಟ ಕೆಟ್ಟಿದೆಯೇನು ಎಂದು ಕೇಳಿದರು. ಪುಟ ಕೆಟ್ಟಿದೆಯೇನು ಎಂದದ್ದು ಮುಬಶ್ಶಿರನಿಗೆ ಚುರುಕ್ಕೆಂದಿತು. ಯೋಚನೆ ಮಾಡದೆ ಆ ಒಂದು ಸಾಲಿನ ಫೋಟೋ ತೆಗೆದು, ಕೆಳಗೆ ಕೆಂಪು ಗೆರೆ ಎಳೆದು, ದಾಖಲೆ ಇದೆ, ಅವರೇ ಬಿಟ್ಟುಕೊಟ್ಟಿದ್ದಾರೆ ಎಂದು ಬರೆದು ಗುಂಪಿಗೆ ಹಾಕಿದ. ಹೆಬ್ಬೆರಳುಗಳು ಒಂದರ ಹಿಂದೆ ಒಂದು ಎದ್ದವು. ಸ್ವಲ್ಪ ಹೊತ್ತಿನ ಮೇಲೆ ಫಖ್ರುನ್ನೀಸಾ ಖಾಲಾ ಅವರದೇ ಒಂದು ದನಿ ಬಂತು, ಐದು ಸೆಕೆಂಡಿನದು. ಅದನ್ನು ಅವನು ಗಂಗಾನಗರದ ಸಿಗ್ನಲ್ಲಿನಲ್ಲಿ ಗಾಡಿ ನಿಲ್ಲಿಸಿಕೊಂಡು ಕೇಳಿದ. ನಾನೇ ಮಾಡಿರಬೇಕು, ನನಗೆ ನೆನಪಿಲ್ಲ, ಎಲ್ಲರೂ ಮಾಫ್ ಮಾಡಿ ಎಂದಿದ್ದರು. ಹಿಂದಿನಿಂದ ಹಾರ್ನ್ ಬಿದ್ದಾಗ ಅವನಿಗೆ ಗಾಡಿ ಗೇರಿಗೆ ಹಾಕುವುದೂ ತೋಚಲಿಲ್ಲ.

ಇವತ್ತು ಒಂಬತ್ತನೇ ರೋಜಾ. ಬೆಳಿಗ್ಗೆ ಅಂಗಡಿಗೆ ಬರುವ ದಾರಿಯಲ್ಲೇ ಖಾಲಾ ಅವರ ಮಗಳು ಅಸ್ಮಾ ಫೋನು ಮಾಡಿದ್ದಳು. ಗಂಡನೊಂದಿಗೆ ತಾಯಿಯ ಮನೆಯಲ್ಲೇ ಇರುವವಳು, ಮೆಡಿಕಲ್ ಸ್ಟೋರಿನಲ್ಲಿ ಕೆಲಸ. ಅಮ್ಮಿಯ ನಂಬರನ್ನು ಪುಟದಿಂದ ತೆಗೆದುಬಿಡಿ ಎಂದಳು. ಸಿಟ್ಟಿನ ದನಿಯಲ್ಲ, ಹೆದರಿದವಳ ದನಿ. ಮುಂದಿನ ವಾರ ನರದ ಡಾಕ್ಟರ ಹತ್ತಿರ ಕರೆದುಕೊಂಡು ಹೋಗುತ್ತಿದ್ದಾರಂತೆ. ಒಲೆಯ ಹತ್ತಿರ ಒಬ್ಬರನ್ನೇ ಬಿಡುವುದಿಲ್ಲವಂತೆ. "ನಾಳೆ ಗ್ಯಾಸ್ ಆನ್ ಮಾಡಿ ಮರೆತ್ರೆ ಏನ್ ಗತಿ ಮುಬಶ್ಶಿರ್ ಭಾಯ್? ನೀವು ಆ ಫೋಟೋ ಹಾಕಿದ್ದು ಒಳ್ಳೇದೇ ಆಯ್ತು. ಇಲ್ದಿದ್ರೆ ನಮಗೆ ಗೊತ್ತೇ ಆಗ್ತಿರ್ಲಿಲ್ಲ." ಅವಳು ಉಪಕಾರ ಸ್ಮರಿಸಿದ್ದು ಅವನಿಗೆ ಬೈದದ್ದಕ್ಕಿಂತ ಕಷ್ಟವಾಯಿತು. ನಂಬರ್ ತೆಗೆಯುವುದಕ್ಕೆ ಅರ್ಧ ನಿಮಿಷದ ಕೆಲಸ, ಅಂಗಡಿಯಲ್ಲೇ ಕೂತು ಮಾಡಬಹುದಿತ್ತು. ನಾನೇ ಬಂದು ನೋಡುತ್ತೇನೆ ಎಂದು ಯಾಕೆ ಹೇಳಿದನೋ ಅವನಿಗೇ ತಿಳಿಯಲಿಲ್ಲ. ಮಧ್ಯಾಹ್ನದ ನಮಾಜು ಮುಗಿಸಿ, ಲ್ಯಾಪ್‌ಟಾಪನ್ನು ಚೀಲಕ್ಕೆ ಹಾಕಿಕೊಂಡು ಹೊರಟಾಗ ಯಶೋಧಾ ತಲೆಯೆತ್ತದೆ, ಅಜ್ಜಿ ಮನೆಗಾ ಸಾರ್ ಎಂದಳು. ಹೌದೆಂದ. ಅವಳ ಬೆರಳು ಕೀಲಿಗಳ ಮೇಲೆ ಓಡುತ್ತಲೇ ಇತ್ತು. ಹೇಳದೆ ಇರುವುದರಲ್ಲಿ ಯಶೋಧಾ ಜಾಣೆ.

ಹೆಬ್ಬಾಳದ ಮೇಲ್ಸೇತುವೆಯ ಮೇಲೆ ಬಿಸಿಲು ಹೆಲ್ಮೆಟ್ಟಿನೊಳಗೆ ಇಳಿದು ಕೂತಿತ್ತು. ನಾಲಿಗೆ ಒಣಗಿ ಅಂಗುಳಕ್ಕೆ ಅಂಟಿಕೊಂಡಿತ್ತು. ರೋಜಾದ ಈ ಹೊತ್ತು ಅವನಿಗೆ ಮೊದಲಿಂದಲೂ ಆಗಿಬರುವುದಿಲ್ಲ, ತಲೆ ಹಗುರಾಗಿ, ಇಲ್ಲದ ವಿಷಯವೆಲ್ಲ ಮೇಲೆ ತೇಲಿಬರುತ್ತದೆ. ಮುಂದಿನ ಕಾರಿನ ಹಿಂದೆ ಧೂಳಿನ ಮೇಲೆ ಯಾರೋ ಬೆರಳಿಂದ ಏನೋ ಬರೆದು ಅರ್ಧ ಒರೆಸಿದ್ದರು. ಹಿಂದಿನ ಒಂದು ರಂಜಾನ್ ನೆನಪಿಗೆ ಬಂತು, ಅವನು ಆಗ ಎರಡನೇ ಪಿಯುಸಿ. ಅವತ್ತು ಹೊಸ ಅಂಗಿ, ಕಡುನೀಲಿ, ಶಿವಾಜಿನಗರದಲ್ಲಿ ಹಟ ಹಿಡಿದು ಕೊಡಿಸಿಕೊಂಡದ್ದು. ಮಸೀದಿಯಲ್ಲಿ ಸ್ಯಾಂಡಲಿನ ಪಟ್ಟಿ ಬಿಚ್ಚಲು ಒಂಟಿಕಾಲಲ್ಲಿ ನಿಂತು ಗೋಡೆಗೆ ಒರಗಿದ. ಒರಗಿದ್ದು ಗೋಡೆಗಲ್ಲ, ಹಲಗೆಗೆ. ಹಲಗೆ ಬರೆಯುವ ಕೆಲಸ ಆಗ ಮೆಹಬೂಬ್ ಪಾಷಾ ಚಾಚಾ ಅವರದು. ಅವರ ಅಕ್ಷರವೆಂದರೆ ಅಕ್ಷರ, ಮದುವೆ ಕಾರ್ಡಿನ ಉರ್ದುವಿಗೆ ಇವತ್ತಿಗೂ ಮುಬಶ್ಶಿರ್ ಆ ಬಾಗುಗಳನ್ನೇ ನೆನಪು ಮಾಡಿಕೊಳ್ಳುವುದು. ಮನೆಗೆ ಬಂದು ನೋಡಿದರೆ ಎಡಗೈ ತೋಳಿನ ಮೇಲೆ ಬಿಳಿಯ ಅಕ್ಷರಗಳು ತಿರುಗಾಮುರುಗಾ ಮೂಡಿದ್ದವು. ಕನ್ನಡಿಯ ಮುಂದೆ ತೋಳು ಹಿಡಿದರೆ ಪೂರ್ತಿ ಓದಲು ಬಂತು, ಒಬ್ಬ ಟಿಂಬರ್ ಡಿಪೋ ಸಾಹೇಬರ ಹೆಸರು. ಹದಿನಾಲ್ಕನೇ ರೋಜಾ ಅವರದು. ಅವನು ಹೆದರಿ ಅಂಗಿಯನ್ನು ನಲ್ಲಿಯ ಕೆಳಗೆ ಹಿಡಿದ. ಹೇಳಬೇಕೆಂದುಕೊಂಡ, ನಾಳೆ ಹೇಳುತ್ತೇನೆ ಎಂದುಕೊಂಡ. ಖಾಲಿ ಕಂಡ ಜಾಗದಲ್ಲಿ ಇನ್ಯಾರೋ ಚಾಚಾ ಇಲ್ಲದಾಗ ತಮ್ಮ ಹೆಸರು ಬರೆದುಕೊಂಡರು, ಹದಿನಾಲ್ಕನೇ ಸಂಜೆ ಮಸೀದಿಯ ಬಾಗಿಲಿಗೆ ಎರಡು ಮನೆಯ ಗಂಜಿ ಬಂತು. ಸಾಹೇಬರು ಎಲ್ಲರೆದುರಿಗೆ, ನನ್ನ ಹೆಸರು ಬರೆಯುವುದಕ್ಕೆ ಸುಣ್ಣ ಮುಗಿದಿತ್ತೇನು ಎಂದು ಕೂಗಾಡಿದರು. ಚಾಚಾ ಕೂತವರ ಸಾಲುಗಳ ಮೇಲೆ ಒಮ್ಮೆ ಕಣ್ಣಾಡಿಸಿದರು. ಆಮೇಲೆ, ತಪ್ಪು ನನ್ನದೇ, ಬರೆಯುವುದು ಮರೆತೆ ಎಂದರು. ಮುಬಶ್ಶಿರ್ ಮೂರನೇ ಸಾಲಿನಲ್ಲಿ ಖರ್ಜೂರ ಹಿಡಿದುಕೊಂಡು ಕೂತಿದ್ದ. ಮುಂದಿನ ವರ್ಷ ಕಮಿಟಿ ಸೀಮೆಸುಣ್ಣವನ್ನು ಬೇರೆಯವರ ಕೈಗೆ ಕೊಟ್ಟಿತು. ಪಾಷಾ ಭಾಯ್‌ಗೆ ಮರೆವು ಶುರುವಾಗಿದೆ ಎಂದು ಜನ ಸಲೀಸಾಗಿ ಆಡಿಕೊಂಡರು. ಅವರಿಗೆ ಆಗ ಐವತ್ತೂ ತುಂಬಿರಲಿಲ್ಲ.

ಇಪ್ಪತ್ತಾರು ವರ್ಷ. ಇದನ್ನು ಅವನು ಹೆಂಡತಿಗೂ ಹೇಳಿರಲಿಲ್ಲ. ಹೇಳುವಂಥ ವಿಷಯವೇ ಅಲ್ಲ ಎಂದು ನಡುವೆ ಹತ್ತು ವರ್ಷ ಮರೆತೂ ಇದ್ದ. ಕೊಡಿಗೇಹಳ್ಳಿ ಗೇಟಿನ ಹತ್ತಿರ ಎಡಕ್ಕೆ ತಿರುಗುವಾಗ, ಈಗ ಅದು ಯಾಕೆ ಎಂದು ತನ್ನನ್ನೇ ಗದರಿಸಿಕೊಂಡ. ಇದು ಬೇರೆ, ಅದು ಬೇರೆ. ಅವತ್ತು ಒರೆಸಿದವನು ನಾನು, ಇವತ್ತು ಒರೆಸಿದವರು ಅವರೇ, ಸಾಲು ಹಾಗೇ ಹೇಳುತ್ತದೆ. ಹಾಗಿದ್ದರೂ ಎದೆಯೊಳಗೆ ಏನೋ ಒಪ್ಪುತ್ತಿರಲಿಲ್ಲ.

ಖಾಲಾ ಅವರ ಮನೆ ಹಳೇ ಊರಿನ ಓಣಿಯಲ್ಲಿ, ಎರಡು ಪೀಜಿ ಕಟ್ಟಡಗಳ ನಡುವೆ ತಗ್ಗಿಕೊಂಡು ಕೂತಿತ್ತು. ಅಂಗಳದಲ್ಲಿ ಗಂಜಿಯ ತಾಮ್ರದ ಹಂಡೆಯನ್ನು ಬೋರಲು ಹಾಕಿದ್ದರು. ಹುಣಸೆಹಣ್ಣು ಹಾಕಿ ತಿಕ್ಕಿದ ತಾಮ್ರ ಬಿಸಿಲಿಗೆ ಕೆಂಪಗೆ ಹೊಳೆಯುತ್ತಿತ್ತು, ಅಂಚಿನಲ್ಲಿ ಹೊಸ ಕಲಾಯಿಯ ಬಿಳುಪು ಕಾಣುತ್ತಿತ್ತು. ಅಂದರೆ ರಂಜಾನ್ ಶುರುವಾಗುವ ಮೊದಲೇ ಕಲಾಯಿ ಹಾಕಿಸಿ ಇಟ್ಟಿದ್ದಾರೆ. ಬಿಟ್ಟುಕೊಡುವವರು ಕಲಾಯಿ ಹಾಕಿಸುತ್ತಾರೆಯೆ ಎಂಬ ಪ್ರಶ್ನೆ ಅವನಿಗೆ ಅಲ್ಲೇ, ಚಪ್ಪಲಿ ಬಿಡುವ ಜಾಗದಲ್ಲೇ ಹುಟ್ಟಿತು. ಅಸ್ಮಾ ಬಾಗಿಲು ತೆಗೆದು, ಅಡುಗೆಮನೆಯಲ್ಲಿ ಏನೋ ಇಟ್ಟುಬಂದಿದ್ದೇನೆ ಎಂದು ಒಳಗೆ ಹೋದಳು. ಖಾಲಾ ಚಾಪೆಯ ಮೇಲೆ ಗೋಡೆಗೆ ಒರಗಿ ಕೂತಿದ್ದರು, ತೊಡೆಯ ಮೇಲೆ ಹೋದ ತಿಂಗಳ ಕ್ಯಾಲೆಂಡರ್ ಹಾಳೆಯನ್ನು ಬೆನ್ನು ಮೇಲಾಗಿ ಇಟ್ಟುಕೊಂಡು. ಅದರ ತುಂಬ ಪೆನ್ಸಿಲಿನಲ್ಲಿ ಸಣ್ಣ ಸಣ್ಣ ಗೀಟುಗಳು.

ಹುಟ್ಟಿ ಬೆಳೆದದ್ದು ಮಾಕಳಿಯಾದ್ದರಿಂದ ಖಾಲಾ ಅವರಿಗೆ ಮುದ್ದು ಬಂದರೂ ಸಂಕಟ ಬಂದರೂ ಮನೆಮಾತು ಪಕ್ಕಕ್ಕೆ ಸರಿದು ಆ ಕಡೆಯ ಕನ್ನಡವೇ ಬಾಯಿಗೆ ಬರುತ್ತಿತ್ತು. "ನನ್ನ ನಂಬರ್ ತೆಗಿಯಾಕೆ ಬಂದ್ಯಾ ಬೇಟಾ?" ಎಂದರು. ಮುಬಶ್ಶಿರ್, ಸುಮ್ಮನೆ ಫೋನು ನೋಡೋಣ ಅಂತ ಬಂದೆ ಎಂದ. ಖಾಲಾ ಕ್ಯಾಲೆಂಡರಿನ ಗೀಟುಗಳನ್ನು ತೋರಿಸಿದರು. ಒಲೆ ಆರಿಸಿದ ಪ್ರತಿ ಸಲಕ್ಕೂ ಒಂದು ಗೀಟು. ಎರಡು ದಿನದಿಂದ ತಮ್ಮನ್ನು ತಾವೇ ಪರೀಕ್ಷೆ ಮಾಡಿಕೊಳ್ಳುತ್ತಿದ್ದರಂತೆ. ಮಕ್ಕಳು ಮೊಮ್ಮಕ್ಕಳು ಹುಟ್ಟಿದ ದಿನ, ಮಾಕಳಿಗೆ ಹೋಗುವ ಬಸ್ಸುಗಳ ನಂಬರು, ಮದುವೆಗೆ ಬಂದ ಪಾತ್ರೆಗಳು ಯಾರು ಯಾರು ಕೊಟ್ಟದ್ದು, ಎಲ್ಲವನ್ನೂ ಒಂದೊಂದಾಗಿ ಹೇಳಿಕೊಂಡು ನೋಡಿದರಂತೆ. ಯಾವುದೂ ತಪ್ಪಿರಲಿಲ್ಲ. "ಎಲ್ಲಾ ನೆಪ್ಪೈತೆ. ಆ ಹೆಸರು ತೆಗ್ದಿದ್ದು ಮಾತ್ರ ನೆಪ್ಪಿಲ್ಲ. ಎಂಗ್ ಮಾಡುದ್ರೂ ಬರಾಕಿಲ್ಲ. ಅವರ ಹೆಸರು ನಾನ್ಯಾಕ್ ತೆಗಿಲಿ ಬೇಟಾ? ಆದ್ರೆ ಮಿಸ್ಸೀನು ಸುಳ್ಳೇಳಲ್ವಲ್ಲ." ಹೇಳುತ್ತ ಹೇಳುತ್ತ ಅವರ ಕಣ್ಣು ಅವನ ಮುಖವನ್ನೇ ಹುಡುಕುತ್ತಿತ್ತು, ಡಾಕ್ಟರನ್ನು ನೋಡುವ ಹಾಗೆ. ಮುಬಶ್ಶಿರನಿಗೆ ಅವರ ಕೈ ಹಿಡಿದುಕೊಳ್ಳಬೇಕೆನ್ನಿಸಿತು, ಹಿಡಿಯಲು ನಾಚಿಕೆಯಾಯಿತು.

ಅವತ್ತು ಫೋನಿನಲ್ಲಿ ಏನೇನು ಮಾಡಿದಿರಿ, ಅದೇ ಥರ ತೋರಿಸಿ ಎಂದು ಕೇಳಿದ. ನಿಜ ಹೇಳಬೇಕೆಂದರೆ ಅವನ ಮನಸ್ಸಿನ ಒಂದು ಮೂಲೆ ಆಗಲೂ, ಸಾಲು ಹೇಳಿದ್ದೇ ಸರಿ ಎಂದು ಗೆಲ್ಲುವುದಕ್ಕೇ ಕಾಯುತ್ತಿತ್ತು. ಮಸೀದಿಯ ಪುಟದಲ್ಲಿ ಈಗ ಹಮ್ಜಾನ ಹೆಸರಿರುವುದರಿಂದ, ಪರೀಕ್ಷೆಗೆಂದು ತಾನು ಇಟ್ಟುಕೊಂಡಿದ್ದ ಹಳೆಯ ಪ್ರತಿಯನ್ನು ಖಾಲಾ ಅವರ ಫೋನಿನಲ್ಲಿ ತೆರೆದ. ಅದರಲ್ಲಿ ರಂಜಾನ್ ಮೊದಲ ದಿನದ ಪಟ್ಟಿ ಇದ್ದ ಹಾಗೇ ಇತ್ತು, ಹನ್ನೊಂದರಲ್ಲಿ ಮೆಹಬೂಬ್ ಪಾಷಾ. ಖಾಲಾ ಕನ್ನಡಕ ಹಣೆಗೇರಿಸಿ ಫೋನನ್ನು ಹತ್ತಿರ ಹಿಡಿದರು, ಮುಖ ಅರಳಿತು. ಐತಲ್ಲ, ಇಲ್ಲೇ ಐತಲ್ಲ ಎಂದರು. ನಲವತ್ತು ವರ್ಷ ಗಂಜಿ ಕಾಸಿದವರು ತಾವು, ಆದರೆ ಹಲಗೆ ಇದ್ದದ್ದು ಮಸೀದಿಯೊಳಗೆ, ಗಂಡಸರು ಕೈಕಾಲು ತೊಳೆಯುವ ಕಡೆ. ಗಂಡ ಬಂದು, ಬರೆದು ಬಂದೆ ಕಣೇ ಎಂದರೆ ಬರೆದಿದ್ದಾರೆ ಎಂದುಕೊಳ್ಳುವುದು, ಅಷ್ಟೆ. ಆ ಹೆಸರನ್ನು ಅವರು ಅಲ್ಲಿ ಒಂದು ದಿನವೂ ಕಣ್ಣಾರೆ ಕಂಡಿರಲಿಲ್ಲ. ಈ ವರ್ಷವೇ ಮೊದಲು, ಅಂಗೈಯೊಳಗೆ, ಅದೂ ಗಂಡನ ಅಕ್ಷರದ ಥರದ್ದೇ ಅಕ್ಷರದಲ್ಲಿ. ದಿನಾ ಬರೀ ನೋಡುತ್ತಿದ್ದೆ, ಮುಟ್ಟಿದರೆ ಏನಾದರೂ ಆದೀತು ಎಂದು ಭಯ, ಅವತ್ತೊಂದು ದಿನ ತಡೆಯಲಿಲ್ಲ, ಮುಟ್ಟಿ ಹಾಗೇ ಫೋನು ಮಗುಚಿಟ್ಟೆ ಎಂದು ಹೇಳುತ್ತಲೇ ಖಾಲಾ ಬಲಗೈಯ ತೋರುಬೆರಳನ್ನು ಮೆಲ್ಲಗೆ ಗಂಡನ ಹೆಸರಿನ ಮೇಲಿಟ್ಟರು, ಬೆರಳನ್ನು ತುಟಿಗೆ ಮುಟ್ಟಿಸಿ, ಎರಡು ಕಣ್ಣಿಗೂ ಒತ್ತಿಕೊಂಡರು. ಕಣ್ಣು ಮುಚ್ಚಿದ್ದವು. ತುಟಿ ಏನೋ ಹೇಳಿಕೊಳ್ಳುತ್ತಿತ್ತು.

ಅವರ ಕಣ್ಣು ಮುಚ್ಚಿದ್ದಾಗಲೇ ಚೌಕ ಬಿಳಿಯಾಯಿತು. ಹೆಸರು ಹೋಯಿತು. ಕೆಳಗೆ ಸಣ್ಣಕ್ಷರದಲ್ಲಿ ಸಾಲು ಬಂತು, ಚೌಕ ಹನ್ನೊಂದು, ತೆರವು, ಫಖ್ರುನ್ನೀಸಾ.

ಮುಬಶ್ಶಿರ್ ಬರೆದ ಲಿಸನರ್ ತನ್ನ ಕೆಲಸವನ್ನು ಚಾಚೂ ತಪ್ಪದೆ ಮಾಡಿತ್ತು. ಬೆರಳು ಎಲ್ಲಿ ಬಿತ್ತು, ಯಾರದು, ಎಷ್ಟು ಗಂಟೆಗೆ, ಎಲ್ಲ ಅದಕ್ಕೆ ಗೊತ್ತು. ಬೆರಳು ಯಾಕೆ ಬಂತು ಎಂದು ಅದು ಕೇಳುವುದಿಲ್ಲ, ಕೇಳು ಎಂದು ಅವನು ಬರೆದಿರಲಿಲ್ಲ. ಬರೆಯಲು ತಲೆಗೆ ಹೊಳೆಯದೆ ಹೋದದ್ದು ಯಾಕೆ? ಅವನ ಅಮ್ಮಿ ಕೂಡ ಹೀಗೇ ಮಾಡುತ್ತಿದ್ದಳು, ಮನೆಗೆ ಬಂದ ಕಾಗದದ ಮೇಲಿನ ತನ್ನ ತಂದೆಯ ಸಹಿಯನ್ನು ಮುಟ್ಟಿ ಕಣ್ಣಿಗೊತ್ತಿಕೊಳ್ಳುತ್ತಿದ್ದಳು. ಅವನೂ ಕೆಳಗೆ ಬಿದ್ದ ಪುಸ್ತಕ ಎತ್ತಿ ಕಣ್ಣಿಗೊತ್ತಿಕೊಂಡೇ ದೊಡ್ಡವನಾದವನು. ಯಶೋಧಾ ದಿನಾ ಬೆಳಿಗ್ಗೆ ಕೀಬೋರ್ಡ್ ಮುಟ್ಟಿ ನಮಸ್ಕಾರ ಮಾಡುವುದನ್ನು ಎದುರಿಗೇ ಕಂಡವನು. ಇಷ್ಟೆಲ್ಲ ಕಂಡೂ, ಪರದೆಯ ಮೇಲೆ ಬೆರಳಿಡುವವರು ಏನಾದರೂ ಮಾಡುವುದಕ್ಕೇ ಇಡುತ್ತಾರೆ ಎಂದು ಎಲ್ಲಿಂದ ಕಲಿತೆ ಎಂದುಕೊಂಡ. ಅಷ್ಟರಲ್ಲಿ ಖಾಲಾ ಕಣ್ಣು ಬಿಟ್ಟರು. ಫೋನು ನೋಡಿದರು. ಅರಳಿದ್ದ ಮುಖ ಅವನೆದುರೇ ಬಾಡಿತು. "ಇತ್ತಲ್ವಾ ಬೇಟಾ?" ಎಂದರು, ದನಿ ತೀರ ಸಣ್ಣದಾಗಿ. "ಈಗ ಇತ್ತಲ್ವಾ? ನೀನೂ ನೋಡ್ದಲ್ಲ?"

"ಇತ್ತು ಖಾಲಾ. ನಾನೂ ನೋಡ್ದೆ," ಎಂದ. "ನೀವು ತೆಗೀಲಿಲ್ಲ. ನೀವು ಮುಟ್ಟಿದ್ರಿ, ಅಷ್ಟೆ. ತೆಗ್ದಿದ್ದು ನಾನು ಬರ್ದಿದ್ದು."

ಅವರಿಗೆ ತಕ್ಷಣ ಅರ್ಥವಾಗಲಿಲ್ಲ. ಅವನು ಹೆಸರನ್ನು ಮತ್ತೆ ಕೂರಿಸಿ, ತನ್ನ ಬೆರಳನ್ನೇ ಇಟ್ಟು ತೋರಿಸಿದ, ಹೋಯಿತು. ಇನ್ನೊಮ್ಮೆ ಕೂರಿಸಿ, ಈಗ ನೀವು ಇಡಿ ಎಂದ, ಕಣ್ಣು ಮುಚ್ಚಬೇಡಿ ಎಂದ. ಖಾಲಾ ಇಟ್ಟರು, ಹೆಸರು ಹೋಗುವುದನ್ನು ಕಣ್ಣು ಬಿಟ್ಟುಕೊಂಡು ನೋಡಿದರು. ಎದೆಯ ಮೇಲೆ ಅಂಗೈ ಇಟ್ಟುಕೊಂಡು, ಹಂಗಾದ್ರೆ ನನ್ನ ತಲೆ ನೆಟ್ಟಗೈತೆ ಎಂದು ತಮಗೆ ತಾವೇ ಹೇಳಿಕೊಂಡು, ದುಪಟ್ಟಾದ ಅಂಚಿನಿಂದ ಕಣ್ಣೊರೆಸಿಕೊಂಡರು. ಮುಬಶ್ಶಿರ್ ಲ್ಯಾಪ್‌ಟಾಪ್ ತೆಗೆದು ಚಾಪೆಯ ಮೇಲಿಟ್ಟುಕೊಂಡು ಬಗ್ಗಿ ಕೂತ. ಅಳಿಸಬೇಕಾದದ್ದು ಎರಡೇ ಸಾಲು. ಹೆಸರಿರುವ ಚೌಕವನ್ನು ಯಾರು ಎಷ್ಟು ಸಲ ಮುಟ್ಟಿದರೂ ಈಗ ಏನೂ ಆಗುವುದಿಲ್ಲ, ಬಿಡಬೇಕೆನ್ನುವವರು ಮನುಷ್ಯರಿಗೇ ಫೋನು ಮಾಡಿ ಹೇಳಬೇಕು. ಎರಡು ಸಾಲು ಅಳಿಸುವುದಕ್ಕೆ ಅವನಿಗೆ ಹತ್ತು ನಿಮಿಷ ಹಿಡಿಯಿತು, ಅಕ್ಷರಗಳು ಮಂಜಾಗಿ ಕಾಣುತ್ತಿದ್ದವು.

ಆಮೇಲೆ ಹಮ್ಜಾನಿಗೆ ಫೋನು ಮಾಡಿದ. ಜಗಳಕ್ಕೆ ತಯಾರಾಗಿಯೇ ಮಾಡಿದ. ಅಲ್ಲಿ ಜಗಳವೇನೂ ಸಿಗಲಿಲ್ಲ. ಅಯ್ಯೋ, ಅದು ಆ ಅಮ್ಮನ ದಿನ ಅಂತ ನನಗೇನ್ ಗೊತ್ತು ಗುರು, ಖಾಲಿ ಕಾಣಿಸ್ತು ಒತ್ತಿ ಬಿಟ್ಟೆ, ನನ್ನನ್ನ ಇಪ್ಪತ್ತಮೂರಕ್ಕೆ ಹಾಕು ಎಂದು ಅವನು ಟೈಲ್ಸ್ ಕತ್ತರಿಸುವ ಸದ್ದಿನ ನಡುವೆಯೇ ಹೇಳಿ ಮುಗಿಸಿದ. ಮುಬಶ್ಶಿರ್ ಹೆಸರುಗಳನ್ನು ಸರಿಮಾಡಿದ. ಹನ್ನೊಂದರಲ್ಲಿ ಮೆಹಬೂಬ್ ಪಾಷಾ ಮತ್ತೆ ಹಸಿರಾಗಿ ಕೂತರು. ಇಲ್ಲಿಗೆ ಎಲ್ಲ ಮುಗಿದ ಹಾಗೇ ಇತ್ತು, ಎದ್ದು ಹೋಗಬಹುದಿತ್ತು. ಆದರೆ ಗುಂಪಿನಲ್ಲಿ ಆ ಕೆಂಪು ಗೆರೆಯ ಫೋಟೋ ಇನ್ನೂ ಇತ್ತು, ಅದರ ಕೆಳಗೆ ಖಾಲಾ ಅವರ ಐದು ಸೆಕೆಂಡಿನ ದನಿಯೂ ಇತ್ತು. ಅವನು ಫೋನು ಬಾಯಿಯ ಹತ್ತಿರ ಹಿಡಿದದ್ದನ್ನು ಕಂಡು ಖಾಲಾ ಅವನ ಮುಂಗೈ ಹಿಡಿದರು. ಗುಂಪಿಗೆ ಹೇಳಬೇಡ ಎಂದರು. ಜೀಷಾನ್ ಅಷ್ಟೂ ಮಸೀದಿಗೆ ನಿನ್ನ ಕೆಲಸ ತೋರಿಸುತ್ತೇನೆ ಅಂದಿದ್ದಾರಂತಲ್ಲ, ಹೆಸರು ಕೆಡಿಸಿಕೊಳ್ಳಬೇಡ. ಮುದುಕಿ ಮರೆತಳು ಅಂದುಕೊಳ್ಳಲಿ, ನನಗೇನು, ನನಗೆ ಗೊತ್ತಾಯಿತಲ್ಲ, ಅಷ್ಟು ಸಾಕು. "ನಾನೇ ಮರ್ತೆ ಅಂತ್ಲೇ ಇರ್ಲಿ ಬಿಡು."

ಅದೇ ಮಾತು. ಹದಿನಾಲ್ಕನೇ ಸಂಜೆ ಚಾಚಾ ಎಲ್ಲರೆದುರಿಗೆ ಹೇಳಿದ ಮಾತು. ಈ ಮನೆಯ ಇನ್ನೊಬ್ಬರಿಂದಲೂ ಅದನ್ನು ತೆಗೆದುಕೊಂಡು ಎದ್ದು ಹೋದರೆ ಇನ್ನು ಯಾವ ಮುಖ ಇಟ್ಟುಕೊಂಡು ಆ ಮಸೀದಿಯಲ್ಲಿ ಸಾಲಿಗೆ ನಿಲ್ಲಲಿ ಎಂದು ಮುಬಶ್ಶಿರನಿಗೆ ಅನ್ನಿಸಿತು. ಖಾಲಾ ಅವರ ಕೈಯನ್ನು ಮೆಲ್ಲಗೆ ಬಿಡಿಸಿ ತನ್ನ ಎಡಗೈಯೊಳಗೆ ಇಟ್ಟುಕೊಂಡ. ಹೆಬ್ಬೆರಳಿಂದ ಮೈಕಿನ ಗುರುತನ್ನು ಒತ್ತಿ ಹಿಡಿದ. ಸಲಾಮು ಹೇಳಿದ. ಹನ್ನೊಂದನೇ ರೋಜಾವನ್ನು ಫಖ್ರುನ್ನೀಸಾ ಖಾಲಾ ಬಿಟ್ಟುಕೊಟ್ಟಿರಲಿಲ್ಲ, ಗಂಡನ ಹೆಸರನ್ನು ಮುಟ್ಟಿ ಕಣ್ಣಿಗೊತ್ತಿಕೊಂಡರು, ಮುಟ್ಟಿದರೆ ಅಳಿಸುವ ಹಾಗೆ ಬರೆದವನು ನಾನು, ವಿಚಾರಿಸದೆ ಅವರ ಮೇಲೆ ಹಾಕಿದವನೂ ನಾನು ಎಂದ. ಅವರ ನೆನಪು ನನ್ನದಕ್ಕಿಂತ ಚೆನ್ನಾಗಿದೆ ಎಂದ. ಅಲ್ಲಿಗೆ ನಿಲ್ಲಿಸಬೇಕೆಂದಿದ್ದವನು ಬೆರಳು ತೆಗೆಯಲಿಲ್ಲ. "ಇನ್ನೊಂದು ವಿಷಯ. ಇಪ್ಪತ್ತಾರು ವರ್ಷದ ಹಿಂದೆ ಹಲಗೆ ಮೇಲೆ ಹದಿನಾಲ್ಕನೇ ರೋಜಾದ ಹೆಸರು ಇರ್ಲಿಲ್ಲ ಅಂತ ಗಲಾಟೆ ಆಗಿತ್ತು, ಹಿರಿಯರಿಗೆ ನೆನಪಿರಬಹುದು. ಪಾಷಾ ಚಾಚಾ ಬರೆದಿದ್ರು. ಒರಗಿ ಒರೆಸಿದ್ದು ನಾನು. ಅವರು ಮರೆತಿರ್ಲಿಲ್ಲ." ಬೆರಳು ಎತ್ತಿದ. ಹೋಯಿತು.

ಅಡುಗೆಮನೆಯಲ್ಲಿ ಟಿಂಗ್ ಎಂದಿತು, ಆಮೇಲೆ ಅವನದೇ ದನಿ ಅಲ್ಲಿಂದ ಕೇಳಿಬಂತು, ಸಲಾಮಿನಿಂದ ಹಿಡಿದು ಪೂರ್ತಿ. ತನ್ನ ದನಿ ಇಷ್ಟು ಒರಟು ಎಂದು ಅವನಿಗೆ ಗೊತ್ತಿರಲಿಲ್ಲ. ಮುಗಿದ ಮೇಲೂ ಅಸ್ಮಾ ಒಂದಷ್ಟು ಹೊತ್ತು ಹೊರಗೆ ಬರಲಿಲ್ಲ. ಬಂದಾಗ ಅವಳ ಕಣ್ಣು ಕೆಂಪಾಗಿತ್ತು, ಕೈಯಲ್ಲಿ ಒಂದು ಅಳತೆಯ ಪಾವು ಇತ್ತು. ಮುಬಶ್ಶಿರನ ಕಡೆ ನೋಡಲೇ ಇಲ್ಲ, ತಾಯಿಯ ಮುಂದೆ ನಿಂತುಕೊಂಡಳು. "ಅಮ್ಮಿ, ನಾಡಿದ್ದಿಗೆ ಅಕ್ಕಿ ಎಷ್ಟು ನೆನೆಸ್ಲಿ?"

ಖಾಲಾ ತಲೆಯ ಮೇಲಿನ ದುಪಟ್ಟಾ ಸರಿಮಾಡಿಕೊಂಡರು. ಹತ್ತು ಸೇರು ನುಚ್ಚಕ್ಕಿ, ಎರಡು ಸೇರು ಹೆಸರುಬೇಳೆ, ಮೆಂತ್ಯ ನಿನ್ನ ಕೈಯಲ್ಲಿ ಎರಡು ಹಿಡಿ, ನನ್ನ ಕೈಯಲ್ಲಾದರೆ ಒಂದೂವರೆ. ಹೋದ ವರ್ಷ ಪುದೀನ ಎಳೆಯದಿರಲಿಲ್ಲ, ಈ ಸಲ ನೋಡಿ ತರಿಸು. ಕೊನೆಯಲ್ಲಿ ಬಂದ ನಾಲ್ಕು ಜನಕ್ಕೆ ಹೋದ ಸಲ ಅರ್ಧ ಬಟ್ಟಲೇ ಸಿಕ್ಕಿದ್ದು, ಅದಕ್ಕೇ ಅಕ್ಕಿ ಇನ್ನೊಂದು ಸೇರು ಜಾಸ್ತಿ ಇರಲಿ. ಹಂಡೆ ಎತ್ತಿಡಲು ನಿನ್ನ ಗಂಡನಿಗೆ ಹೇಳು, ಬಿಸಿಲಿಗೆ ಕಲಾಯಿ ಕೆಡುತ್ತದೆ. ಅಸ್ಮಾ ಹೂಂ ಹೂಂ ಎನ್ನುತ್ತ ಎಲ್ಲವನ್ನೂ ಕೇಳಿಸಿಕೊಂಡು, ಕ್ಯಾಲೆಂಡರ್ ಹಾಳೆಯನ್ನು ತಾಯಿಯ ತೊಡೆಯಿಂದ ಎತ್ತಿಕೊಂಡು ನಾಲ್ಕಾಗಿ ಮಡಿಸಿ ಒಳಗೆ ಹೋದಳು.

ಫೋನು ಟಿಂಗ್ ಟಿಂಗ್ ಎನ್ನುತ್ತಲೇ ಇತ್ತು. ಮುಬಶ್ಶಿರ್ ಅದನ್ನು ಮಗುಚಿ ಇಟ್ಟ, ಯಾರು ಏನಂದರು ಎಂದು ನೋಡುವ ಧೈರ್ಯ ಇರಲಿಲ್ಲ. ಖಾಲಾ ತಮ್ಮ ಫೋನಿನಲ್ಲಿ ಮಸೀದಿಯ ಪುಟ ತೆರೆಸಿಕೊಂಡರು. ಹನ್ನೊಂದನೇ ಚೌಕದ ಮೇಲೆ ಬೆರಳಿಟ್ಟರು, ತುಟಿಗೆ ಮುಟ್ಟಿಸಿದರು, ಕಣ್ಣಿಗೊತ್ತಿಕೊಂಡರು. ಕಣ್ಣು ಬಿಟ್ಟು ನೋಡಿದರು. ಹೆಸರು ಅಲ್ಲೇ ಇತ್ತು. ಆಮೇಲೆ ಅವನನ್ನು ಅಡಿಯಿಂದ ಮುಡಿಯ ತನಕ ನೋಡಿದರು, ಬಹಳ ದಿನದ ಮೇಲೆ ಊರಿಗೆ ಬಂದವನನ್ನು ನೋಡುವ ಹಾಗೆ.

"ನೀಲಿ ಅಂಗಿ ಅಲ್ವಾ ಬೇಟಾ ಅದು," ಎಂದರು. "ಎಡಗೈ ತೋಳಿನ ಮ್ಯಾಲೆ ಸುಣ್ಣ, ಅವರು ಕಂಡಿದ್ರು. ಗಲಾಟೆ ಆದ ದಿನವೇ ಬಂದು ಹೇಳುದ್ರು. ಆ ಹುಡುಗ ತಾನಾಗಿ ಹೇಳೋಗಂಟ ನೀನು ಬಾಯಿ ಬಿಡ್ಬ್ಯಾಡ ಅಂದಿದ್ರು."